47ಕ್ಕೆ ಹಾರ್ಮೋನಿಯಂ? ಧಾರಾಳವಾಗಿ ಹಿಡಿಯಿರಿ

ಏಳನೇ ಕ್ಲಾಸಿಗೆ ಬಿಟ್ಟ ಹಾರ್ಮೋನಿಯಂ ಈಗ 47ರಲ್ಲಿ ಮತ್ತೆ ಹಿಡಿಯಬಹುದಾ, ಅಟ್ಟದ ಮೇಲಿನ ಹಳೇ ಪೆಟ್ಟಿಗೆಯೇ ಸಾಕಾ ಎಂದು ಕೇಳಿದ್ದೀರಿ. ಖಂಡಿತ ಹಿಡಿಯಿರಿ. ನಾನು ಶಿರಸಿಯಲ್ಲಿ 44ಕ್ಕೆ ಮತ್ತೆ ಕೂತವನು. ಮೊದಲ ತಿಂಗಳು ಬೆರಳು ಮಾತು ಕೇಳಲಿಲ್ಲ. ಕಿವಿ ಮಾತ್ರ ಏನೂ ಮರೆತಿರಲಿಲ್ಲ.

ಭೂಪ್ ರಾಗದಿಂದ ಶುರು ಮಾಡಿ. ಸಾ ರೇ ಗ ಪ ಧ, ಐದೇ ಸ್ವರ. ದಿನಾ ಇಪ್ಪತ್ತು ನಿಮಿಷ ಸಾಕು.

ಹಳೇ ಪೆಟ್ಟಿಗೆ ಎಸೆಯಬೇಡಿ. ಆದರೆ ನಿಮ್ಮ ಕುಮಟಾದ ಮಳೆಗಾಲ ಗೊತ್ತಲ್ವಾ? ತೇವಕ್ಕೆ ಮರ ಉಬ್ಬುತ್ತದೆ, ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿ, ಅಂದರೆ ರೀಡ್, ಕಿಲುಬು ಹಿಡಿಯುತ್ತದೆ. ಮೊದಲು ರಿಪೇರಿಯವರಿಗೆ ತೋರಿಸಿ, ಶ್ರುತಿ ಮಾಡಿಸಿ. ನಾನು ಮಾಡಿಸಲಿಲ್ಲ. ಪಂಚಮ (ಪ ಸ್ವರ) ಸರಿಯಿಲ್ಲ ಅಂತ ಕಿವಿ ಹೇಳುತ್ತಲೇ ಇತ್ತು, ಎರಡು ತಿಂಗಳು ಸುಮ್ನೆ ಬೆರಳನ್ನೇ ಬೈದೆ.