ದಪ್ಪು ಕಲಿಯೋಕೆ ಹೊರಟಿದ್ದೀರಾ? ಮೊದಲು ಎಡಗೈ

ಅಕ್ಕಾರ, ನಿಮ್ಮ ಪ್ರಶ್ನೆ ಈಗ ನೋಡಿದೆ. ವಿಡಿಯೋದಲ್ಲಿ ಒಬ್ಬರು ಜರಡಿಯಂಥ ವಾದ್ಯವನ್ನು ಬೆರಳಲ್ಲೇ ಬಾರಿಸೋದು, ಅದರಿಂದ 'ಝರ್' ಅಂತ ಸದ್ದು ಬರೋದು ಕಂಡು ಆಸೆಯಾಗಿದೆ. ಅದನ್ನೇ ತರಿಸಲಾ, ಇಲ್ಲ ಮನೆಯಲ್ಲಿರೋ ಹಳೇ ದಪ್ಪು ಸಾಕಾ ಅಂತ ಕೇಳಿದ್ದೀರಿ. ದಪ್ಪು ಸಾಕು. ಈಗಲೇ ದುಡ್ಡು ಹಾಕಬೇಡಿ.

ನೀವು ನೋಡಿದ್ದು ಬೆಂದಿರ್ ಇರಬೇಕು, ಉತ್ತರ ಆಫ್ರಿಕಾದ್ದು. ಚರ್ಮದ ಒಳಮೈಗೆ ತಾಗುವಂತೆ ದಾರ ಎಳೆದಿರುತ್ತಾರೆ, ಆ ಝರ್ ಅನ್ನೋದು ಅದರದ್ದೇ. ನಮ್ಮ ಗೀಗೀ ಮೇಳದ ದಪ್ಪಿಗೆ ಆ ದಾರ ಇಲ್ಲ. ಉಳಿದಂತೆ ಎರಡೂ ಒಂದೇ ಜಾತಿ: ಕಟ್ಟಿಗೆಯ ಬಳೆ, ಒಂದೇ ಮಗ್ಗುಲಿಗೆ ತೊಗಲು.

ಮೇಲೆ ಒಬ್ಬರು ಕಂಜಿರಾ ತಗೊಳ್ಳಿ ಅಂದಿದ್ದಾರೆ. ನಾನು ಒಪ್ಪಲ್ಲ. ಕರ್ನಾಟಕ ಸಂಗೀತದ ಏಳೆಂಟು ಇಂಚಿನ ವಾದ್ಯ ಅದು. ತೊಗಲಿಗೆ ಒಳಗಿನಿಂದ ನೀರು ಸವರಿ, ಎಡಗೈ ಬೆರಳಲ್ಲಿ ಒತ್ತಿ ಒತ್ತಿ ಗುಂಕಾರ ತೆಗೀಬೇಕು. ಹೆಸರಾಂತ ವಾದಕ ಜಿ. ಹರಿಶಂಕರ್ ಅವರ ಕಂಜಿರಾ ಕೇಳಿ, ಇಷ್ಟು ಸಣ್ಣ ಬಳೆಯಿಂದ ಅಷ್ಟು ಆಳದ ನಾದ ಹೇಗೆ ಬಂತು ಅಂತ ದಂಗಾಗ್ತೀರಿ. ಹೊಸಬರಿಗೆ ಅದು ಬೇಗ ಬೇಸರ ತರಿಸುತ್ತೆ. ಮುಂದೆ ಯಾವತ್ತಾದರೂ ಕೊಂಡರೂ ಉಡದ ಚರ್ಮದ್ದು ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇದೆ. ಆಡಿನ ತೊಗಲಿನದ್ದು, ಪ್ಲಾಸ್ಟಿಕ್ ಹಾಳೆಯದ್ದು ಸಿಗುತ್ತೆ.

ಈಗ ಕೈಗೆ ಬರೋಣ. ಎಲ್ಲರೂ ಬಲಗೈಯಿಂದ ಶುರು ಮಾಡ್ತಾರೆ. ನಾನೂ ಹಾಗೇ ಮಾಡಿ ಎರಡು ತಿಂಗಳು ಹಾಳು ಮಾಡಿಕೊಂಡೆ. ಎಡಗೈ ದಪ್ಪನ್ನು ಅಪ್ಪಿ ಹಿಡಿದರೆ ನಾದ ಅಲ್ಲೇ ಸಾಯುತ್ತೆ. ಕುರ್ಚಿ ಮೇಲೆ ಕೂತು ದಪ್ಪನ್ನು ಎಡತೊಡೆ ಮೇಲೆ ನಿಲ್ಲಿಸಿ. ಭಾರ ತೊಡೆಗೆ ಬಿಡಿ. ಎಡಗೈ ಮೇಲಂಚಿನಲ್ಲಿ ಸುಮ್ನೆ ಕೂತಿರಲಿ, ಬೆರಳುಗಳು ತೊಗಲಿನ ಮೇಲೆ ಬಾಗಿರಲಿ, ಆದರೆ ತಾಗಬಾರದು. ಮೂರು ದಿನ ಇಷ್ಟೇ ಮಾಡಿ. ಮನೆಯವರು ನಗ್ತಾರೆ, ನಗಲಿ.

ಆಮೇಲೆ 'ದುಂ'. ನಡುವೆ ಹೊಡೀಬೇಡಿ, ಅಲ್ಲಿ ಬರೀ 'ಬದ್' ಅಂತದೆ. ಅಂಚಿನಿಂದ ಎರಡು ಬೆರಳಗಲ ಒಳಗೆ, ಬಲಗೈ ಹೆಬ್ಬೆರಳಿನ ಮಗ್ಗುಲಿಂದ ತಟ್ಟಿ. ಕೈಗೆ ಹತ್ತಿದ ನೀರು ಕೊಡವ್ತೀವಲ್ಲ, ಮಣಿಕಟ್ಟು ಹಾಗೇ ತಿರುಗಬೇಕು. ನನ್ನ ಸೋದರಮಾವ ಮೇಳದಲ್ಲಿ ದಪ್ಪು ಹಿಡಿದು ಹಾಡ್ತಿದ್ದರು. ಅವರು ಕಲಿಸಿದ್ದು ಒಂದೇ ಮಾತು: "ಹೊಡೀಬ್ಯಾಡೋ, ಕೈ ಎತ್ತು." ತಟ್ಟಿದ ಬೆರಳು ಬಿಸಿ ಹೆಂಚು ಮುಟ್ಟಿದ ಹಾಗೆ ಹಿಂದಕ್ಕೆ ಬಂದರೆ ನಾದ ತಾನೇ ಬಿಚ್ಚಿಕೊಳ್ಳುತ್ತೆ. 'ತಕ್'ಗೆ ಉಂಗುರದ ಬೆರಳು, ಅಂಚಿನ ಕಟ್ಟಿಗೆ ಮೇಲೇ. ಎಡಗೈ ಉಂಗುರದ ಬೆರಳಿನಿಂದಲೂ ಅದೇ 'ತಕ್', ಸ್ವಲ್ಪ ಮೆಲ್ಲಗೆ. ಉಂಗುರ ಇದ್ದರೆ ತೆಗೆದಿಡಿ, ತೊಗಲು ಹರಿಯುತ್ತೆ.

ಎಂಟು ಎಣಿಸಿ: ದುಂ, ತಕ್, ಬಿಡು, ತಕ್, ದುಂ, ಬಿಡು, ತಕ್, ಬಿಡು. ಅರಬ್ಬರ ಮಕ್ಸೂಮ್ ಅನ್ನೋ ತಾಳ ಇದು. ನೀವು ನೋಡಿದಂಥ ವಿಡಿಯೋಗಳಲ್ಲಿ ಜಾಸ್ತಿ ಸಿಗುತ್ತೆ. ಆ 'ಬಿಡು' ಇದೆಯಲ್ಲ, ಅಲ್ಲಿ ಕೈ ತಡೆಯೋದೇ ಕಷ್ಟ. ಬಾಯಲ್ಲಿ ಹೇಳ್ತಾ ಬಾರಿಸಿ. ಇದು ಕೂತ ಮೇಲೆ ಕಹರವಾ ತಾಳ ಹಿಡಿಯಿರಿ, ಭಜನೆಗೆ ಅದು ಬೇಕೇ ಬೇಕು. ದಿನಕ್ಕೆ ಹದಿನೈದು ನಿಮಿಷ ಸಾಕು. ಹೆಬ್ಬೆರಳ ಮಗ್ಗುಲಿಗೆ ಬೊಬ್ಬೆ ಬಂದರೆ ಎರಡು ದಿನ ಬಿಡಿ.

ಹಳೇ ದಪ್ಪಿನ ತೊಗಲು ಸಡಿಲ ಆಗಿರುತ್ತೆ, ಅದರಲ್ಲೂ ಮಳೆಗಾಲದಲ್ಲಿ. ತೇವ ಹೀರಿದರೆ ತೊಗಲು ಜೋತು ಬೀಳುತ್ತೆ, ಒಣಗಿದರೆ ಬಿಗಿಯುತ್ತೆ. ಹಲಗಿಯವರು ಬಾರಿಸೋ ಮುಂಚೆ ಕಬ್ಬಿನ ರವದಿಗೆ (ಒಣಗಿದ ಗರಿಗೆ) ಬೆಂಕಿ ಹಚ್ಚಿ ಕಾಯಿಸ್ತಾರಲ್ಲ, ಕಾರಣ ಇದೇ. ಅವರದು ದಪ್ಪ ತೊಗಲು, ಕೈಯೂ ಪಳಗಿದ್ದು. ನಾನು ಅದನ್ನು ನೋಡಿ ದಪ್ಪನ್ನು ಗ್ಯಾಸ್ ಒಲೆ ಮೇಲೆ ಹಿಡಿದೆ. ಒಂದು ಕಡೆ ತೊಗಲು ಹಳದಿಯಾಗಿ ಚುರುಗುಟ್ಟಿತು, ನಾನು 'ಅಯ್ಯೋ' ಅನ್ನೋದರೊಳಗೆ ಟಪ್ ಅಂತ ಅಂಚಿನವರೆಗೂ ಸೀಳಿತು. ನೀವು ಹತ್ತು ನಿಮಿಷ ಎಳೆ ಬಿಸಿಲಿಗಿಡಿ, ಇಲ್ಲ ಕೂದಲು ಒಣಗಿಸೋ ಮಷಿನ್ನನ್ನು ಒಂದು ಮೊಳ ದೂರ ಹಿಡಿದು ಆಡಿಸಿ. ನಡುನಡುವೆ ಬೆರಳಿಂದ ತಟ್ಟಿ ನೋಡ್ತಿರಿ, ಸದ್ದು ಏರಿದ ಕೂಡಲೇ ನಿಲ್ಲಿಸಿ. ನಮ್ಮ ಏಪ್ರಿಲ್ ಬಿಸಿಲಿಗೆ ಇದೇನೂ ಬೇಕಾಗಲ್ಲ. ಆಗ ಬಟ್ಟೆ ಸುತ್ತಿ ನೆರಳಲ್ಲಿಡಿ. ಕಾರಿನಲ್ಲಿ ಮಾತ್ರ ಬಿಟ್ಟು ಹೋಗಬೇಡಿ.

ಗುರು ಬೇಕಾ ಅಂತಲೂ ಕೇಳಿದ್ದಿರಿ. ಬೇಕು, ಆದರೆ ಕ್ಲಾಸೇ ಆಗಬೇಕಂತಿಲ್ಲ. ನಿಮ್ಮ ಕಡೆ ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಹಾಡಿಕೆ (ಎರಡು ಗೀಗೀ ಮೇಳ ಎದುರುಬದುರು ವಾದ ಹೂಡಿ ಹಾಡೋದು) ಇದ್ದರೆ ಮುಂದಿನ ಸಾಲಲ್ಲಿ ಕೂತು ದಪ್ಪು ಹಿಡಿದವರ ಎಡಗೈ ನೋಡಿ. ಹಾಡು ಮುಗಿದ ಮೇಲೆ ಚಹಾ ಕುಡಿಸಿ ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ಹೋಳಿ ಹಬ್ಬಕ್ಕೆ ಬಾಗಲಕೋಟೆಗೆ ಬಂದರೆ ಹಲಗಿ ಮಜಲು, ಅಂದರೆ ಹಲಗಿ ಮೇಳ, ಕೇಳಬಹುದು. ಅದು ಕೋಲಿನ ವಾದ್ಯ, ಬೆರಳಿನದ್ದಲ್ಲ. ಆದರೂ 'ಬಿಡು' ಅಂದೆನಲ್ಲ, ಅದು ಅಲ್ಲಿ ಕಿವಿಗೆ ಬೀಳುತ್ತೆ. ಬಿಳಿ ಬಟ್ಟೆ ಹಾಕ್ಕೊಂಡು ಬರಬೇಡಿ, ಬಣ್ಣದ ಬಂಡಿಯವರು ಹೊರಗಿನವರು ಅಂತ ಬಿಡಲ್ಲ.

ನಿಮ್ಮ ದಪ್ಪಿನ ಎರಡೂ ಮಗ್ಗುಲಿನ ಫೋಟೋ ಇಲ್ಲಿ ಹಾಕಿ. ಅಂಚಿನಲ್ಲಿ ತೊಗಲು ಬಿಟ್ಟಿದ್ದರೆ ಅದನ್ನು ಮೊದಲು ನೋಡೋಣ.