ವಂಚನೆ ಹಿಡಿಯುವ ಸಾಫ್ಟ್‌ವೇರ್: ಸಣ್ಣ ಸಹಕಾರಿ ಬ್ಯಾಂಕು ತಾನೇ ಬರೆಸಬೇಕಾ, ಕೊಳ್ಳಬೇಕಾ?

ರಾಯಚೂರು ಜಿಲ್ಲೆಯ ಸಣ್ಣ ಪಟ್ಟಣ ಸಹಕಾರಿ ಬ್ಯಾಂಕು ನಿಮ್ಮದು. ಯುಪಿಐ ಬಂದ ಮೇಲೆ ಮೋಸದ ದೂರು ಜಾಸ್ತಿಯಾಗಿದೆ. ಐಟಿ ವಿಭಾಗದ ಇಬ್ಬರು ಹುಡುಗರ ಕೈಲಿ ಸಾಫ್ಟ್‌ವೇರ್ ಬರೆಸೋದಾ, ವೆಂಡರ್ ಹತ್ತಿರ ಕೊಳ್ಳೋದಾ ಅಂತ ಕೇಳಿದ್ದೀರಿ.

ಕೊಳ್ಳಿ. ಆದರೆ ಎಂಥ ವ್ಯವಹಾರ ತಡೆಯಬೇಕು ಅನ್ನುವ ರೂಲ್ ಬರೆಯುವ, ಬದಲಿಸುವ ಅಧಿಕಾರ ನಿಮ್ಮ ಹತ್ತಿರವೇ ಇರಲಿ. ಗಂಗಾವತಿ ಕಡೆಯ ಇಂಥದ್ದೇ ಬ್ಯಾಂಕಿನಲ್ಲಿ ಅನುಮಾನದ ವ್ಯವಹಾರ ಕಂಡಾಗ ಸಾಫ್ಟ್‌ವೇರ್ ಕೊಡುವ ಅಲರ್ಟ್‌ಗಳನ್ನು ದಿನಾ ನೋಡುವ ಕೆಲಸ ನನ್ನದು.

ಯುಪಿಐ ದುಡ್ಡು ಹಗಲು ರಾತ್ರಿ ಎನ್ನದೆ ಕೆಲವೇ ಸೆಕೆಂಡಲ್ಲಿ ದಾಟಿ ಹೋಗುತ್ತದೆ. ಅಷ್ಟರೊಳಗೆ ತಪಾಸಣೆ ಮಾಡುವ, ಒಂದು ಕ್ಷಣವೂ ನಿಲ್ಲದ ವ್ಯವಸ್ಥೆಯನ್ನು ಇಬ್ಬರು ಕಟ್ಟಬಹುದು. ಆದರೆ ಅದನ್ನು ವರ್ಷಗಟ್ಟಲೆ ಸಾಕುವುದು ಕಷ್ಟ. ಅವರಲ್ಲಿ ಒಬ್ಬರು ಬೆಂಗಳೂರಿಗೆ ಹೋದರೆ ಮುಗಿಯಿತು. ಇನ್ನೊಂದು ಮಾತು: ಕದ್ದ ದುಡ್ಡು ನಿಮ್ಮ ಬ್ಯಾಂಕಿನಿಂದ ಬೇರೆ ಮೂರ್ನಾಲ್ಕು ಬ್ಯಾಂಕಿಗೆ ಹಾರುತ್ತದೆ. ಆ ಕಡೆಯದು ನಿಮಗೆ ಕಾಣುವುದೇ ಇಲ್ಲ. ಆರ್‌ಬಿಐ ಇನ್ನೊವೇಶನ್ ಹಬ್ ಮ್ಯೂಲ್‌ಹಂಟರ್ ಅಂತ ವ್ಯವಸ್ಥೆ ಮಾಡಿದ್ದೂ ಕದ್ದ ದುಡ್ಡು ಸಾಗಿಸಲು ಕಳ್ಳರು ಬೇರೆಯವರ ಹೆಸರಲ್ಲಿ ಬಳಸುವ ಇಂಥ ಬಾಡಿಗೆ ಖಾತೆಗಳನ್ನು (ಮ್ಯೂಲ್ ಖಾತೆ) ಹಿಡಿಯುವುದಕ್ಕೇ.

ಈಗ ರೂಲ್ ವಿಚಾರ. ಇದು ನಮ್ಮ ಸೀಮೆಯವರಿಗೆ ತುಂಬಾ ಮುಖ್ಯ. ಕೊಂಡ ಸಾಫ್ಟ್‌ವೇರಿನಲ್ಲಿ ಸಾಮಾನ್ಯವಾಗಿ ಒಂದು ರೂಲ್ ಇದ್ದೇ ಇರುತ್ತದೆ: ತಿಂಗಳುಗಟ್ಟಲೆ ಸುಮ್ಮನಿದ್ದ ಖಾತೆಗೆ ಏಕಾಏಕಿ ದೊಡ್ಡ ಮೊತ್ತ ಬಂದರೆ ತಡೆ. ನಗರದಲ್ಲಿ ಅದು ಸರಿ. ತುಂಗಭದ್ರಾ ಎಡದಂಡೆಯಲ್ಲಿ ಭತ್ತ ಕೊಯ್ದ ಮೇಲೆ ಎಲ್ಲರ ಖಾತೆಯೂ ಹಾಗೇ ಕಾಣುತ್ತದೆ, ಅಲ್ವಾ? ಕಾರಟಗಿ ಕಡೆಯ ರೈತರೊಬ್ಬರು ಅಕ್ಕಿ ಗಿರಣಿಯ ತೂಕದ ಚೀಟಿಯನ್ನು ನಮ್ಮ ಕೌಂಟರ್ ಮೇಲಿಟ್ಟು, "ಇದು ನನ್ನ ಭತ್ತದ ದುಡ್ಡು ರೀ, ಯಾಕ್ ಹಿಡದೀರಿ?" ಅಂತ ಕೇಳಿದರು. ಕೊಯ್ಯುವ ಮಷಿನ್‌ನವನು ಹೊರಗೆ ಬಾಡಿಗೆಗೆ ಕಾಯುತ್ತಿದ್ದ. ಪ್ರಾಮಾಣಿಕ ರೈತನನ್ನು ಕಳ್ಳನ ಹಾಗೆ ನಿಲ್ಲಿಸುವ ಸಾಫ್ಟ್‌ವೇರ್ ಎಷ್ಟು ದುಬಾರಿಯದಾದರೂ ನನಗೆ ಬೇಡ.

ವ್ಯತ್ಯಾಸ ಇರುವುದು ದುಡ್ಡು ಬಂದ ಮೇಲಿನ ನಡೆಯಲ್ಲಿ. ರೈತರ ದುಡ್ಡು ಕೆಲವು ದಿನ ನಿಲ್ಲುತ್ತದೆ. ಆಮೇಲೆ ಬೆಳೆಸಾಲಕ್ಕೆ, ಗೊಬ್ಬರದ ಅಂಗಡಿಗೆ, ಹಿಂದೆಯೂ ಕೊಟ್ಟವರಿಗೇ ಹೋಗುತ್ತದೆ. ಬಾಡಿಗೆ ಖಾತೆಯ ದುಡ್ಡು ನಿಮಿಷಗಳಲ್ಲೇ ಹೊಸ ಹೊಸ ಹೆಸರುಗಳಿಗೆ ಚೂರು ಚೂರಾಗಿ ಹೋಗುತ್ತದೆ. ಹಾಗಾಗಿ ಬಂದ ಮೊತ್ತ ನೋಡಿ ತಡೆಯಬೇಡಿ, ಹೊರಹೋಗುವ ವೇಗ ನೋಡಿ. ಎರಡನೇ ಬೆಳೆಗೆ ನೀರು ಬಿಡದ ವರ್ಷ ಈ ಲೆಕ್ಕವೂ ಬದಲಾಗುತ್ತದೆ. ಪ್ರತಿ ಬದಲಾವಣೆಗೂ ವೆಂಡರ್‌ಗೆ ಮೇಲ್ ಹಾಕಿ ಕಾಯುತ್ತಾ ಕೂತರೆ ಸುಗ್ಗಿಯೇ ಮುಗಿದಿರುತ್ತದೆ. ರೂಲ್ ನಿಮ್ಮವರೇ ಬದಲಿಸುವಂತಿರಬೇಕು ಅಂತ ಒಪ್ಪಂದದಲ್ಲೇ ಬರೆಸಿ. ಅಲರ್ಟ್‌ಗಳ ಪೂರ್ತಿ ದಾಖಲೆ ನಿಮ್ಮದೇ ಆಗಿರಲಿ.

"ಶೇ. 99 ನಿಖರ" ಅನ್ನುವ ಮಾತಿಗೆ ಮರುಳಾಗಬೇಡಿ. 1 ಲಕ್ಷ ವ್ಯವಹಾರದಲ್ಲಿ 20 ವಂಚನೆ ಅಂದುಕೊಳ್ಳಿ. ಒಂದನ್ನೂ ಹಿಡಿಯದ ಸಾಫ್ಟ್‌ವೇರ್ ಕೂಡ ಶೇ. 99.98 ಸರಿ! ಆ 20ರಲ್ಲಿ ಎಷ್ಟು ಹಿಡಿಯಿತು, ಅದಕ್ಕಾಗಿ ಎಷ್ಟು ಒಳ್ಳೆಯ ಗ್ರಾಹಕರನ್ನು ತಡೆಯಿತು, ಇವೆರಡನ್ನೇ ಕೇಳಿ. ಹೆಸರು, ಖಾತೆ ನಂಬರ್ ಮರೆಮಾಡಿದ ನಿಮ್ಮದೇ ಹಳೆಯ ಡೇಟಾ ಕೊಟ್ಟು, ಅದರ ಮೇಲೆ ಓಡಿಸಿ ತೋರಿಸಲು ಹೇಳಿ. ಸುಗ್ಗಿಯ ತಿಂಗಳು ಅದರಲ್ಲಿ ಇರಲೇಬೇಕು.

ಆ ಇಬ್ಬರು ಹುಡುಗರಿಗೂ ಬೇಕಾದಷ್ಟು ಕೆಲಸವಿದೆ. ರೂಲ್ ಬರೆಯುವುದು, ಅಲರ್ಟ್ ನಿಜವೋ ಸುಳ್ಳೋ ಅಂತ ಗುರುತು ಹಾಕುವುದು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಲು ಗ್ರಾಹಕರಿಗೆ ಕೂಡಲೇ ನೆರವಾಗುವುದು. ಭಾನುವಾರ ರಾತ್ರಿ ಬಂದ ಅಲರ್ಟ್ ಯಾರು ನೋಡುತ್ತಾರೆ ಅನ್ನುವುದನ್ನು ಖರೀದಿಗೆ ಮುಂಚೆಯೇ ತೀರ್ಮಾನಿಸಿ.

ನಿಮ್ಮ ಯುಪಿಐ ದೊಡ್ಡ ಬ್ಯಾಂಕೊಂದರ ಮೂಲಕ ನಡೆಯುತ್ತಿದ್ದರೆ, ಅವರು ಈಗಾಗಲೇ ಏನೇನು ತಪಾಸಣೆ ಮಾಡುತ್ತಾರೆ ಅಂತ ಮೊದಲು ಕೇಳಿ. ಅದನ್ನೇ ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಡಿ.