ಹಾಶಿಮೊಟೊ ಥೈರಾಯ್ಡ್ ಇದ್ದವರಿಗೆ ಸೆಲೆನಿಯಂ ಮಾತ್ರೆ ಬೇಕಾ?

ಹಾಶಿಮೊಟೊ ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಗೆ ಹಾನಿ ಮಾಡುವ ಕಾಯಿಲೆ. ಅದಿರುವ ನಿಮ್ಮ ಅಕ್ಕನಿಗೆ ಯಾರೋ ಸೆಲೆನಿಯಂ ಎಂಬ ಖನಿಜದ ಮಾತ್ರೆ ಹೇಳಿದ್ದಾರೆ, ತಗೋಬೇಕಾ ಅಂತ ಕೇಳಿದ್ದೀರಿ. ಕೊರತೆ ಇಲ್ಲದಿದ್ದರೆ ಬೇಡ ಅನ್ನುತ್ತೇನೆ. ಸೆಲೆನಿಯಂ ಕೆಲವರಲ್ಲಿ ಟಿಪಿಓ ಆಂಟಿಬಾಡಿ (ಈ ಕಾಯಿಲೆಯಲ್ಲಿ ಥೈರಾಯ್ಡ್ ವಿರುದ್ಧ ರಕ್ತದಲ್ಲಿ ಏರುವ ಅಂಶ) ಇಳಿಸುತ್ತದೆ, ನಿಜ. ಆದರೆ ಸುಸ್ತು ಹೋಗುತ್ತದೆ, ಥೈರಾಕ್ಸಿನ್ (ಥೈರಾಯ್ಡ್ ಗುಳಿಗೆಯಲ್ಲಿರುವ ಹಾರ್ಮೋನು) ಬಿಡಬಹುದು ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ದೊಡ್ಡವರಿಗೆ ದಿನಕ್ಕೆ ಸುಮಾರು 55 ಮೈಕ್ರೋಗ್ರಾಂ ಸಾಕು. ಬಹಳ ದಿನ ಅತಿಯಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತವೆ. ಅಯೋಡಿನ್ ಮಾತ್ರೆಯನ್ನಂತೂ ತಾವಾಗಿ ಶುರುಮಾಡಬಾರದು, ಹೆಚ್ಚಾದರೆ ಕಾಯಿಲೆ ಕೆರಳಬಹುದು. ಅಡುಗೆಯ ಅಯೋಡಿನ್ ಉಪ್ಪು ಬಿಡಬೇಡಿ. ಗರ್ಭಿಣಿಯಾಗಿದ್ದರೆ ಲೆಕ್ಕ ಬೇರೆ, ಡಾಕ್ಟರನ್ನೇ ಕೇಳಬೇಕು.

ನಾನು ಕಂಡ ತೊಂದರೆ ಇನ್ನೊಂದು. ಇಲ್ಲಿ ಕಲಬುರಗಿಯಲ್ಲಿ ನಮ್ಮ ಅವ್ವ ಬೆಳಿಗ್ಗೆ ಥೈರಾಯ್ಡ್ ಗುಳಿಗೆ, ಕಬ್ಬಿಣದ ಗುಳಿಗೆ ಎರಡನ್ನೂ ಒಂದೇ ಕಪ್ ಚಹಾದಲ್ಲಿ ನುಂಗುತ್ತಿದ್ದಳು. ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಏರುವ ಅಂಶ) ಇಳಿಯಲೇ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಕ್ಸಿನ್ ರಕ್ತಕ್ಕೆ ಸೇರದಂತೆ ಕರುಳಿನಲ್ಲೇ ಹಿಡಿದಿಡುತ್ತವೆ; 4 ತಾಸು ಅಂತರ ಬೇಕು. ಈಗ ಎದ್ದ ಕೂಡಲೇ ಬರೀ ನೀರಲ್ಲಿ ಥೈರಾಯ್ಡ್ ಗುಳಿಗೆ, ಒಂದು ತಾಸು ಬಿಟ್ಟು ಚಹಾ, ಕಬ್ಬಿಣದ್ದು ಮಧ್ಯಾಹ್ನ ರೊಟ್ಟಿ ಉಂಡ ಮೇಲೆ.

ಅಕ್ಕನಿಗೆ ಸುಸ್ತಿದ್ದರೆ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12 ನೋಡಿಸಿ. ಕಡಿಮೆ ಇದ್ದರೆ ಡಾಕ್ಟರು ಬರೆದಷ್ಟು ತಗೊಳ್ಳಲಿ.